ಮೊದಲು ಇಡೀ ಸಂಗ್ರಹಕ್ಕೆ ಒಂದು ಪುಟ

ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಗದಪತ್ರಕ್ಕೆ ಕೊರತೆಯಿಲ್ಲ. ಅಟ್ಟದ ಮೇಲೆ ಟ್ರಂಕು, ದೇವರ ಕೋಣೆಯಲ್ಲಿ ಓಲೆಗರಿಯ ಕಟ್ಟು, ಊರಿನ ಸೊಸೈಟಿಯ ಬೀರುವಿನಲ್ಲಿ ಹಳೇ ಲೆಡ್ಜರು. ಊರಿನವರು ಸೇರಿ ಒಂದು ಸಣ್ಣ ವಸ್ತುಸಂಗ್ರಹಾಲಯ ಮಾಡಲು ಹೊರಟಾಗ, ಅಥವಾ ಯಾರಾದರೂ ಇದನ್ನೆಲ್ಲ ಲೈಬ್ರರಿಗೆ ಕೊಟ್ಟಾಗ, ಪತ್ರಾಗಾರದ ಕೆಲಸ ಗೊತ್ತಿರುವ ನಮ್ಮಂಥವರನ್ನು ಕರೆಯುತ್ತಾರೆ. ಬಹಳ ಸಲ ಅಷ್ಟರಲ್ಲಿ ಉತ್ಸಾಹಿಯೊಬ್ಬರು ರಿಜಿಸ್ಟರ್ ತಂದು ಕ್ರಮಸಂಖ್ಯೆ ಒಂದರಿಂದ ಬರೆಯಲು ಶುರು ಮಾಡಿರುತ್ತಾರೆ. ‘ಪತ್ರ, ಹಳೆಯದು’. ‘ಪತ್ರ, ಹರಿದಿದೆ’. ‘ಪುಸ್ತಕ, ಹಳೆಯದು’. ಕೆಲವು ನೂರು ಸಾಲಿಗೆ ಕೆಲಸ ನಿಲ್ಲುತ್ತದೆ. ಮಿಕ್ಕಿದ್ದು ಚೀಲದಲ್ಲೇ ಉಳಿಯುತ್ತದೆ. ಚೀಲದಲ್ಲಿ ಏನಿದೆ ಅಂತ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ನಾನು ಹೇಳುವುದು ಇಷ್ಟೇ. ಒಂದೊಂದನ್ನೇ ಎಣಿಸುವ ಮೊದಲು ಇಡೀ ಸಂಗ್ರಹದ ಬಗ್ಗೆ ಒಂದು ಪುಟ ಬರೆಯಿರಿ.

ಒಂದು ಮಾದರಿ ಕೊಡುತ್ತೇನೆ. ‘ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯೊಂದರ ಕಾಗದಪತ್ರ. ಸುಮಾರು 1920ರಿಂದ 1985ರವರೆಗಿನವು. ಎರಡು ಟ್ರಂಕು, ಒಂದು ಮರದ ಪೆಟ್ಟಿಗೆ. ಕಪಾಟಿನಲ್ಲಿ ನಿಲ್ಲಿಸಿದರೆ ಎರಡೂವರೆ ಮೀಟರ್. ಹೆಚ್ಚಿನವು ಕನ್ನಡ, ಕೆಲವು ಇಂಗ್ಲಿಷ್. ಗೇಣಿ ಚೀಟಿ, ಮಂಡಿಯ ಲೆಕ್ಕ, ಕೋರ್ಟು ಕಾಗದ, ಮನೆಯವರ ಪತ್ರ, ಪಂಚಾಂಗ. ಕಟ್ಟುಗಳನ್ನು ಬಿಚ್ಚಿಲ್ಲ. ಕೆಳಗಿನ ಟ್ರಂಕಿಗೆ ಗೆದ್ದಲು ತಗುಲಿದೆ.’ ಇಷ್ಟು ಬರೆಯಲು ಒಂದು ಮಧ್ಯಾಹ್ನ ಸಾಕು. ಆದರೆ ಗೇಣಿಯ ಬಗ್ಗೆ ಕೆಲಸ ಮಾಡುವ ಸಂಶೋಧಕಿಗೆ, ಅವರು ಧಾರವಾಡದಲ್ಲೇ ಇರಲಿ, ತಾನು ಇಲ್ಲಿಗೆ ಬರಬೇಕೋ ಬೇಡವೋ ಅಂತ ತೀರ್ಮಾನಿಸಲು ಇದು ಸಾಕು. ಹಾಳೆಗಳನ್ನು ಲೆಕ್ಕ ಹಾಕದೆ ಮೀಟರ್ ಅಳತೆ ಕೊಡುವುದು ಪತ್ರಾಗಾರಗಳಲ್ಲಿ ರೂಢಿ. ಎಷ್ಟು ದಿನ ಓದಬೇಕಾದೀತು ಅಂತ ಓದುವವರಿಗೂ ಅದರಿಂದಲೇ ಅಂದಾಜು ಸಿಗುತ್ತದೆ.

ಇದು ಬರೀ ಸಮಯ ಉಳಿಸುವ ಉಪಾಯ ಅಲ್ಲ. ಕೆಲವು ಸಂಗತಿ ಒಟ್ಟಿನಲ್ಲಿ ಮಾತ್ರ ಕಾಣುತ್ತವೆ. ಗೇಣಿ ಚೀಟಿಯನ್ನೇ ತಗೊಳ್ಳಿ. ಒಂದು ಚೀಟಿ ಅಂದರೆ ಇಷ್ಟು ಅಕ್ಕಿ, ಇಷ್ಟು ಅಡಿಕೆ, ಒಂದು ರುಜು. ಅದೇ ಚೀಟಿಗಳು ವರ್ಷದ ಪ್ರಕಾರ ದಾರದಲ್ಲಿ ಪೋಣಿಸಿದ್ದು, 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ತಾವು ಉಳುವ ಜಮೀನು ತಮ್ಮ ಹೆಸರಿಗಾಗಲಿ ಅಂತ ಭೂ ನ್ಯಾಯಮಂಡಳಿಗೆ ಕೊಟ್ಟ ಏಳನೇ ನಮೂನೆಯ ಅರ್ಜಿಯ ಪ್ರತಿ ಅದೇ ಕಟ್ಟಿನಲ್ಲಿದ್ದರೆ? ಅರ್ಜಿ ಹಾಕಿದಾಗ ಹಳೆಯ ಚೀಟಿಗಳನ್ನು ಸಾಕ್ಷಿಗಾಗಿ ಯಾರೋ ಹುಡುಕಿ ಒಟ್ಟು ಮಾಡಿದ್ದಾರೆ ಅಂತ ಊಹಿಸಬಹುದು. ಚೀಟಿಯೆಲ್ಲ ಒಂದು ಕಡೆ, ಸರ್ಕಾರಿ ಕಾಗದ ಇನ್ನೊಂದು ಕಡೆ ಅಂತ ‘ನೀಟಾಗಿ’ ಬೇರ್ಪಡಿಸಿದರೆ ಆ ಕಥೆ ಅಲ್ಲಿಗೇ ಮುಗಿಯಿತು. ಒಬ್ಬರಿಂದ ಬಂದ ಕಾಗದ ಒಟ್ಟಿಗೇ ಇರಬೇಕು ಅಂತ ಫ್ರಾನ್ಸಿನ ಪತ್ರಾಗಾರಗಳು 1841ರಲ್ಲೇ ನಿಯಮ ಮಾಡಿದ್ದು ಸುಮ್ನೆ ಅಲ್ಲ.

ಇಲ್ಲದ ಕಾಗದವೂ ಮಾತಾಡುತ್ತದೆ. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಅದರಿಂದಾದ ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿ ಬೇರೆ ಕಡೆಗೆ ಬಂದ ಮನೆಯೊಂದರ ಸಂಗ್ರಹದಲ್ಲಿ ಆ ವರ್ಷಗಳ ಹಿಂದಿನದು ಏನೂ ಇಲ್ಲದಿದ್ದರೆ, ಅದನ್ನು ಆ ಪುಟದಲ್ಲಿ ಬರೆಯಲೇಬೇಕು. ಬಿಡಿಬಿಡಿ ಪಟ್ಟಿಯಲ್ಲಿ ಇರುವ ವಸ್ತುವಿಗೆ ಮಾತ್ರ ಜಾಗ, ಇಲ್ಲದ್ದಕ್ಕೆ ಸಾಲೇ ಇರುವುದಿಲ್ಲ ಅಲ್ವಾ?

ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ ಇದಕ್ಕೊಂದು ಮಾನದಂಡ ಮಾಡಿದೆ. ಮೊದಲು ಬಂದದ್ದು 1994ರಲ್ಲಿ, ಎರಡನೇ ಆವೃತ್ತಿ 2000ದಲ್ಲಿ. ಅದರಲ್ಲಿ 26 ಅಂಶಗಳಿವೆ. ಗಾಬರಿ ಬೇಡ, ತೀರಾ ಅಗತ್ಯ ಅಂತ ಹೇಳುವುದು ಆರನ್ನು: ಗುರುತಿನ ಸಂಖ್ಯೆ, ಶೀರ್ಷಿಕೆ, ಯಾರದ್ದು, ಯಾವ ಕಾಲದ್ದು, ಎಷ್ಟಿದೆ, ಯಾವ ಹಂತದ ವಿವರಣೆ (ಇಡೀ ಸಂಗ್ರಹದ್ದೋ, ಒಂದು ಕಟ್ಟಿನದೋ, ಬಿಡಿ ಹಾಳೆಯದೋ). ಇಡೀ ಸಂಗ್ರಹದಿಂದ ಶುರು ಮಾಡಿ ಕಟ್ಟಿಗೆ, ಕಟ್ಟಿನಿಂದ ಬಿಡಿ ಹಾಳೆಗೆ ಇಳಿಯಬೇಕು. ಮೇಲೆ ಹೇಳಿದ್ದನ್ನು ಕೆಳಗೆ ಮತ್ತೆ ಹೇಳಬಾರದು. ಮನೆಯ ಇತಿಹಾಸ ಒಮ್ಮೆ ಮೇಲಿನ ಪುಟದಲ್ಲಿ ಬಂದರೆ ಮುಗಿಯಿತು.

ಓಲೆಗರಿಯ ವಿಷಯದಲ್ಲಂತೂ ಇದು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನಿಸುತ್ತದೆ. ನಮ್ಮ ಕಡೆಯ ಎಷ್ಟೋ ಕಟ್ಟುಗಳು ತಿಗಳಾರಿ ಲಿಪಿಯವು, ಹಿಂದೆ ಇಲ್ಲಿ ಹೆಚ್ಚಾಗಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ ಅದು. ಓದಬಲ್ಲವರು ಬಹಳ ಕಡಿಮೆ. ಅವರು ಸಿಕ್ಕ ಮೇಲೆ ಕ್ಯಾಟಲಾಗ್ ಮಾಡೋಣ ಅಂತ ಕಾದರೆ ಅಷ್ಟರಲ್ಲಿ ಹುಳು ತಿಂದಿರುತ್ತದೆ. ಲಿಪಿ ಓದಲು ಬಾರದವರೂ ‘ತಿಗಳಾರಿಯಂತೆ ಕಾಣುತ್ತದೆ, ಇಷ್ಟು ಕಟ್ಟು, ಈ ಮನೆಯದು, ಇಷ್ಟು ಅಂಚು ಮುರಿದಿದೆ’ ಅಂತ ಇವತ್ತೇ ಬರೆದಿಡಬಹುದು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಓಲೆಗರಿಗಳಿವೆ ಅಂತ ಹೊರಗೆ ಗೊತ್ತಿರುವುದರಿಂದಲೇ ಓದಬಲ್ಲವರು ಅಲ್ಲಿಗೆ ಹುಡುಕಿಕೊಂಡು ಹೋಗುತ್ತಾರೆ. ಒಂದು ಎಚ್ಚರಿಕೆ: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಕಪ್ಪು ಬಳಿದು ಮಡಿಸಿದ ಹಳೆಯ ಕಡತ ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಅಕ್ಷರ ಬಳಪದ್ದು, ಧೂಳಿನ ಜೊತೆ ಅದೂ ಹೋಗುತ್ತದೆ.

ಅಮೆರಿಕದ ಮಾರ್ಕ್ ಗ್ರೀನ್ ಮತ್ತು ಡೆನಿಸ್ ಮೈಸ್ನರ್ 2005ರಲ್ಲಿ ಒಂದು ಲೇಖನ ಬರೆದರು. ಪತ್ರಾಗಾರದವರು ಹಾಳೆಹಾಳೆಗೂ ಉಪಚಾರ ಮಾಡುತ್ತಾ ಕೂತದ್ದರಿಂದಲೇ ಕೆಲಸ ಬಾಕಿ ಬಿದ್ದಿದೆ. ಎಲ್ಲ ಸಂಗ್ರಹಕ್ಕೂ ಮೊದಲು ಒಂದು ಒಟ್ಟು ವಿವರಣೆ ಕೊಟ್ಟು ಓದುಗರಿಗೆ ತೆರೆಯಿರಿ ಅನ್ನುವುದು ಅವರ ವಾದ. ಪೂರ್ತಿ ಒಪ್ಪುತ್ತೇನೆ. ಆದರೆ ಪಿನ್ನು, ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆಯುತ್ತಾ ಕೂರಬೇಕಿಲ್ಲ ಅನ್ನುವ ಅವರ ಮಾತು ಉಷ್ಣತೆ, ತೇವ ಎರಡೂ ಹಿಡಿತದಲ್ಲಿರುವ ಕೋಣೆಗೆ ಸರಿ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಇಲ್ಲಿ ಕಬ್ಬಿಣದ ಪಿನ್ನು ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಹಾಗಾಗಿ ಪುಟ ಬರೆದ ಮೇಲೆ ನಮ್ಮಲ್ಲಿ ಮೊದಲು ಮಾಡುವ ಕೆಲಸ ಪಿನ್ನು ತೆಗೆಯುವುದು.

ಲೈಬ್ರರಿಗಳಿಗೂ ಒಂದು ಮಾತು. ನಿವೃತ್ತ ಮೇಷ್ಟರೊಬ್ಬರು ಜೀವಮಾನ ಸೇರಿಸಿದ ಪುಸ್ತಕ ಕೊಟ್ಟರೆ, ವಿಷಯದ ಪ್ರಕಾರ ವರ್ಗಾಂಕ ಹಾಕಿ ಕಪಾಟುಗಳಿಗೆ ಹಂಚುವುದು ಅನಿವಾರ್ಯ. ಹಂಚಿ, ಆದರೆ ಅದಕ್ಕೂ ಮೊದಲು ಆ ಸಂಗ್ರಹದ ಪುಟ ಬರೆದು ಫೈಲಿನಲ್ಲಿಡಿ. ಪ್ರತಿ ಪುಸ್ತಕಕ್ಕೂ ದಾನಿಯ ಗುರುತು ಹಾಕಿ.

ಪುಟ ಬರೆಯುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಪೆಟ್ಟಿಗೆ ಯಾರ ಸುಪರ್ದಿಯಲ್ಲಿತ್ತು, ಕೆಂಪು ಬಟ್ಟೆಯ ಕಟ್ಟು ಯಾಕೆ ಬೇರೆ ಇದೆ, ಹಿಸ್ಸೆಯಾದಾಗ ಇನ್ನೊಂದು ಟ್ರಂಕು ಯಾರ ಪಾಲಿಗೆ ಹೋಯಿತು ಅಂತ ಕೇಳಿ. ಅದು ಸಾಗರದಲ್ಲಿರುವ ತಮ್ಮನ ಮನೆಗೆ ಹೋಗಿದ್ದರೆ ಹಾಗೇ ಬರೆಯಿರಿ. ಬರೆದವರ ಹೆಸರು, ತಾರೀಕು ಹಾಕಿ. ಒಂದು ಪ್ರತಿ ಪೆಟ್ಟಿಗೆಯೊಳಗೆ, ಒಂದು ಹೊರಗೆ, ಒಂದು ತಮ್ಮನ ಮನೆಗೆ.