ಕಂಟ್ರೋಲ್ ಝಡ್ ಅಂದರೆ ಯಾವ ಕೀ?

ನಮ್ಮ ವೆಬ್ ಎಡಿಟರ್ ಬಳಸುತ್ತಿದ್ದ ಒಬ್ಬರಿಂದ ದೂರು ಬಂತು. ಕನ್ನಡ ಟೈಪ್ ಮಾಡುವಾಗ ಕಂಟ್ರೋಲ್ ಝಡ್ ಒತ್ತಿದರೆ ಅಂಡೂ, ಅಂದರೆ ಕೊನೆಗೆ ಮಾಡಿದ್ದು ರದ್ದು, ಆಗುತ್ತಿಲ್ಲ ಅಂತ. ನೋಡಿದರೆ ತಪ್ಪು ನನ್ನದೇ. ಕೀ ಒತ್ತಿದಾಗ ಬ್ರೌಸರ್ ಎರಡು ವಿಷಯ ಹೇಳುತ್ತದೆ: ಯಾವ ಅಕ್ಷರ ಬಂತು ಅನ್ನೋದು 'ಕೀ', ಬೋರ್ಡಿನ ಯಾವ ಜಾಗ ಒತ್ತಿದರು ಅನ್ನೋದು 'ಕೋಡ್'. ನಾನು ಅಕ್ಷರ ಮಾತ್ರ ನೋಡಿದ್ದೆ. ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಲಿ ಜೋಡಣೆಯಲ್ಲಿ ಝಡ್ ಜಾಗದಲ್ಲಿ ಕೂತಿರೋದು ಎತ್ವ. ಝಡ್ ಬರೋದಾದರೂ ಎಲ್ಲಿಂದ?

ಸುಲಭ ಅಂದುಕೊಂಡು ಎಲ್ಲ ಶಾರ್ಟ್‌ಕಟ್‌ಗಳನ್ನೂ 'ಕೋಡ್'ಗೆ ಬದಲಾಯಿಸಿದೆ. ಕನ್ನಡದವರಿಗೆ ಸರಿಹೋಯಿತು. ಆಮೇಲೆ ಜರ್ಮನಿಯಿಂದ ಮೇಲ್ ಬಂತು, ಅಂಡೂ ಒತ್ತಿದರೆ ರೀಡೂ (ಕಂಟ್ರೋಲ್ ವೈ, ರದ್ದಾದದ್ದನ್ನು ಮತ್ತೆ ತರೋದು) ಆಗುತ್ತಿದೆಯಂತೆ! ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಜಾಗ ಅದಲುಬದಲು. 'ಕೋಡ್' ಜಾಗಗಳಿಗೆ ಅಮೆರಿಕದ ಬೋರ್ಡಿನ ಹೆಸರನ್ನೇ ಇಟ್ಟಿದೆ. ಹಾಗಾಗಿ ಅವರು ಝಡ್ ಒತ್ತಿದರೆ ನನ್ನ ಪ್ರೋಗ್ರಾಂಗೆ ವೈ ಅಂತಲೇ ಕಾಣುತ್ತಿತ್ತು.

ಈಗ ಮಾಡೋದು ಹೀಗೆ. ಬಂದದ್ದು ಎ ಇಂದ ಝಡ್‌ವರೆಗಿನ ಅಕ್ಷರವಾದರೆ ಅದನ್ನೇ ನಂಬು. ಕನ್ನಡವೋ ರಷ್ಯನ್ನೋ ಆದರೆ ಮಾತ್ರ ಜಾಗ ನೋಡು. ಗೇಮ್‌ಗಳ ಲೆಕ್ಕ ಬೇರೆ. ಆಟದಲ್ಲಿ ಓಡಾಡೋಕೆ ಒತ್ತುವ ಡಬ್ಲ್ಯೂ, ಎ, ಎಸ್, ಡಿ ಅಲ್ಲಿ ಅಕ್ಷರಗಳೇ ಅಲ್ಲ, ಎಡಗೈ ಬೆರಳಿನ ಜಾಗಗಳು. ಫ್ರಾನ್ಸ್‌ನ ಬೋರ್ಡಿನಲ್ಲಿ ಅದೇ ಜಾಗದಲ್ಲಿ ಝಡ್, ಕ್ಯೂ, ಎಸ್, ಡಿ ಇರುತ್ತವೆ. ಅಲ್ಲಿ 'ಕೋಡ್' ಬಿಟ್ಟು ಬೇರೆ ದಾರಿಯಿಲ್ಲ.

ಚಿಹ್ನೆಗಳ ಕಾಟ ಇನ್ನೂ ಜಾಸ್ತಿ. ಕಂಟ್ರೋಲ್ ಜೊತೆ / ಒತ್ತಿದರೆ ಆ ಸಾಲು ಕಮೆಂಟ್ (ಪ್ರೋಗ್ರಾಂನಲ್ಲಿ ಬರೀ ಟಿಪ್ಪಣಿ) ಆಗಲಿ ಅಂತ ಬರೆಯುತ್ತೇವೆ, ಜೊತೆಗೆ 'ಶಿಫ್ಟ್ ಒತ್ತಿರಬಾರದು' ಅಂತಲೂ ಸೇರಿಸುತ್ತೇವೆ. ಜರ್ಮನ್ ಬೋರ್ಡಿನಲ್ಲಿ / ಬರೋದೇ ಶಿಫ್ಟ್ ಜೊತೆ 7 ಒತ್ತಿದರೆ. ಅಲ್ಲಿಗೆ ಆ ಶಾರ್ಟ್‌ಕಟ್ ಕೆಲಸ ಮಾಡುವ ಮಾತೇ ಇಲ್ಲ. ಚಿಹ್ನೆ ನೋಡುವಾಗ ಶಿಫ್ಟ್ ಕೇಳಲೇಬೇಡಿ. ಅಂಕಿಗಳಿಗೆ ಮಾತ್ರ ಜಾಗವನ್ನೇ ನೋಡಿ, ಫ್ರೆಂಚ್ ಬೋರ್ಡಿನಲ್ಲಿ ಶಿಫ್ಟ್ ಇಲ್ಲದೆ 1 ಒತ್ತಿದರೆ & ಬರುತ್ತದೆ.

ಕಂಟ್ರೋಲ್ ಆಲ್ಟ್ ಜೋಡಿಯ ಸಹವಾಸವಂತೂ ಬೇಡವೇ ಬೇಡ. ಯುರೋಪಿನ ಎಷ್ಟೋ ಬೋರ್ಡುಗಳಲ್ಲಿ ಬಲಗಡೆಯ ಆಲ್ಟ್ ಜಾಗದಲ್ಲಿ ಆಲ್ಟ್‌ಜಿಆರ್ ಅನ್ನೋ ಕೀ ಇದೆ. ವಿಂಡೋಸ್ ಅದನ್ನು ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದಂತೆ ನೋಡುತ್ತದೆ. ಜರ್ಮನ್‌ನವರು @ ಹಾಕೋದು ಆಲ್ಟ್‌ಜಿಆರ್ ಜೊತೆ ಕ್ಯೂ ಒತ್ತಿ. ನೀವು ಕಂಟ್ರೋಲ್ ಆಲ್ಟ್ ಕ್ಯೂಗೆ 'ಮುಚ್ಚು' ಅಂತ ಕೊಟ್ಟಿದ್ದರೆ, ಪಾಪ, ಇಮೇಲ್ ವಿಳಾಸ ಅರ್ಧ ಬರೆಯುವಷ್ಟರಲ್ಲಿ ವಿಂಡೋನೇ ಮಾಯ. ಪೋಲಿಷ್‌ನವರ ಪಾಡೂ ಇದೇ. ತಲೆ ಮೇಲೆ ಗೀಟಿರುವ ಎಸ್ ಅವರಿಗೆ ದಿನಾ ಬೇಕು, ಅದು ಬರೋದು ಆಲ್ಟ್‌ಜಿಆರ್ ಜೊತೆ ಎಸ್ ಒತ್ತಿದಾಗ. ನಿಮ್ಮ 'ಸೇವ್' ಅದೇ ಜೋಡಿಯ ಮೇಲೆ ಕೂತಿದ್ದರೆ ಅಕ್ಷರ ಬರುವ ಬದಲು ಫೈಲ್ ಸೇವ್ ಆಗುತ್ತಾ ಇರುತ್ತದೆ.

ಇಷ್ಟು ಮಾಡಿದರೂ ಎಲ್ಲೋ ಒಂದು ತಪ್ಪಿಹೋಗುತ್ತದೆ. ಅದಕ್ಕೇ ಶಾರ್ಟ್‌ಕಟ್ ಬದಲಾಯಿಸಿಕೊಳ್ಳುವ ಒಂದು ಪುಟ ಕೊಟ್ಟುಬಿಡಿ. ಪರೀಕ್ಷೆಗೆ ಹೊಸ ಕೀಬೋರ್ಡ್ ಕೊಳ್ಳಬೇಕಿಲ್ಲ, ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಆ ಭಾಷೆಯ ಕೀಬೋರ್ಡ್ ಲೇಔಟ್ (ಕೀಲಿ ಜೋಡಣೆ) ಸೇರಿಸಿದರೆ ಸಾಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಈಗ ಐದು ಇವೆ. ಹೋದ ವಾರ ಫ್ರೆಂಚ್‌ನಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಸ್ಕ್ರೀನ್ ಲಾಕ್ ಆಗಿತ್ತು, ಪಾಸ್‌ವರ್ಡ್ ಮೂರು ಸಲ ತಪ್ಪಾಯಿತು.