ವಿಷಯ ಬೇರೆ, ತಪ್ಪು ಒಂದೇ: ಗುರುತಿಸುವುದು ಹೇಗೆ?

ಪ್ರಶ್ನೆ: ಕಾನೂನು ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ. ‘ಮೇಲಿನ ವಾದದಲ್ಲಿರುವಂಥದೇ ತಪ್ಪು ಕೆಳಗಿನ ಯಾವ ವಾದದಲ್ಲಿದೆ?’ ಎಂಬ ಪ್ರಶ್ನೆ ಬಂದಾಗಲೆಲ್ಲ ಎಡವುತ್ತೇನೆ. ಏನೋ ತಪ್ಪಿದೆ ಎಂಬುದು ಹೊಳೆಯುತ್ತದೆ, ಅದೇ ತಪ್ಪು ಇನ್ನೆಲ್ಲಿದೆ ಎಂಬುದು ಹೊಳೆಯುವುದಿಲ್ಲ. ಏನು ಮಾಡಲಿ?

ಉತ್ತರ: ಒಂದು ವಾದವನ್ನೇ ಹಿಡಿದು ಹೊರಡೋಣ. ‘ಡೆಂಗಿ ಬಂದರೆ ಪ್ಲೇಟ್‌ಲೆಟ್ ಇಳಿಯುತ್ತದೆ. ಇವರ ಪ್ಲೇಟ್‌ಲೆಟ್ ಇಳಿದಿದೆ. ಹಾಗಾಗಿ ಇವರಿಗೆ ಡೆಂಗಿ.’ ಮಳೆಗಾಲದಲ್ಲಿ ಮನೆಮನೆಯಲ್ಲೂ ಕೇಳುವ ಮಾತಿದು. ಒಮ್ಮೆ ಅಮ್ಮನ ರಕ್ತಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು ನಾವೂ ಹೀಗೇ ತರ್ಕ ಮಾಡಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆವು. ಆದರೆ ಬೇರೆ ವೈರಲ್ ಜ್ವರಗಳಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಕೆಲವು ಔಷಧಿಗಳಿಂದ, ಬಿ12 ಕೊರತೆಯಿಂದಲೂ ಇಳಿಯುತ್ತದೆ. ಕೆಲವೊಮ್ಮೆ ಟ್ಯೂಬಿನೊಳಗೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರದ ಎಣಿಕೆಯೇ ಕಡಿಮೆ ಬರುವುದುಂಟು.

ಈಗ ನಾಲ್ಕು ಉತ್ತರಗಳನ್ನು ನೋಡಿ.

ಅ) ಸೊಳ್ಳೆ ಇಲ್ಲದ ಕಡೆ ಡೆಂಗಿ ಹರಡುವುದಿಲ್ಲ. ನಮ್ಮ ಬೀದಿಯಲ್ಲಿ ಸೊಳ್ಳೆ ಇಲ್ಲ. ಹಾಗಾಗಿ ಇಲ್ಲಿ ಡೆಂಗಿ ಹರಡುವುದಿಲ್ಲ.

ಆ) ಡೆಂಗಿಯಾದವನಿಗೆ ಪರಂಗಿ ಎಲೆಯ ರಸ ಕುಡಿಸಿದೆವು. ಮೂರು ದಿನದಲ್ಲಿ ಪ್ಲೇಟ್‌ಲೆಟ್ ಏರಿತು. ಹಾಗಾಗಿ ಏರಿದ್ದು ರಸದಿಂದಲೇ.

ಇ) ಮಳೆ ಬಂದರೆ ಪಂದ್ಯ ನಿಲ್ಲುತ್ತದೆ. ಇವತ್ತು ಮಳೆ ಬಂದಿಲ್ಲ. ಹಾಗಾಗಿ ಪಂದ್ಯ ನಿಂತಿಲ್ಲ.

ಈ) ಅಣೆಕಟ್ಟೆ ತುಂಬಿರಬೇಕು. ಯಾಕೆಂದರೆ ತುಂಬಿದರೆ ಗೇಟು ತೆರೆಯುತ್ತಾರೆ, ಇವತ್ತು ಗೇಟು ತೆರೆದಿದ್ದಾರೆ.

ನಿಮ್ಮ ಕೈ ‘ಆ’ ಕಡೆಗೆ ಹೋಗುತ್ತದೆ ಎಂದು ನನ್ನ ಊಹೆ. ಅದರಲ್ಲಿ ಡೆಂಗಿಯಿದೆ, ಪ್ಲೇಟ್‌ಲೆಟ್ ಇದೆ, ತಪ್ಪೂ ಇದೆ. ಪ್ರಶ್ನೆ ಹೆಣೆಯುವವರು ಬೇಕೆಂದೇ ಅದನ್ನು ಅಲ್ಲಿ ಇಟ್ಟಿರುತ್ತಾರೆ. ಅದರ ತಪ್ಪು ಬೇರೆ ಜಾತಿಯದು. ಡೆಂಗಿಯಿಂದ ಚೇತರಿಸಿಕೊಳ್ಳುವ ಹಂತದಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ರಸ ಕುಡಿದ ಮೇಲೆ ಏರಿತು ಎಂದ ಮಾತ್ರಕ್ಕೆ ರಸದಿಂದ ಏರಿತು ಎನ್ನಲು ಬರುವುದಿಲ್ಲ. ‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ತಪ್ಪನ್ನೇ. ರಸಕ್ಕೆ ಗುಣವಿದೆಯೋ ಇಲ್ಲವೋ ಎನ್ನುವುದು ಬೇರೆ ವಿಚಾರ.

ಸರಿಯುತ್ತರ ‘ಈ’. ವಿಷಯವನ್ನೆಲ್ಲ ಒರೆಸಿಹಾಕಿ, ‘ಇದು’ ‘ಅದು’ ಎರಡನ್ನೇ ಉಳಿಸಿಕೊಳ್ಳಿ. ಡೆಂಗಿಯ ವಾದ ಹೀಗಾಗುತ್ತದೆ: ಇದಿದ್ದರೆ ಅದು, ಅದು ಇದೆ, ಹಾಗಾಗಿ ಇದೂ ಇದೆ. ಅಣೆಕಟ್ಟೆಯ ವಾದವೂ ಅಷ್ಟೇ. ಅಲ್ಲಿ ತೀರ್ಮಾನ ಮೊದಲು ಬಂದಿದೆ, ಕಾರಣ ಆಮೇಲೆ. ಮಾತಿನ ಸಾಲು ಹಿಂದುಮುಂದಾದರೂ ಎಲುಬು ಅದೇ. ‘ಹಾಗಾಗಿ’, ‘ಯಾಕೆಂದರೆ’ ಎಂಬ ಪದಗಳ ಕೆಳಗೆ ಗೆರೆ ಎಳೆದುಬಿಟ್ಟರೆ ಈ ಹಿಂದುಮುಂದು ನಿಮ್ಮನ್ನು ಕಾಡುವುದಿಲ್ಲ.

‘ಇ’ ಹತ್ತಿರದ ನೆಂಟ. ಇದಿದ್ದರೆ ಅದು, ಇದಿಲ್ಲ, ಹಾಗಾಗಿ ಅದೂ ಇಲ್ಲ. ಮಳೆ ಇಲ್ಲದೆಯೂ ಮಂದಬೆಳಕಿಗೆ ಪಂದ್ಯ ನಿಲ್ಲಬಹುದು, ಆದ್ದರಿಂದ ಇದೂ ತಪ್ಪೇ. ಆದರೆ ನಮ್ಮ ವಾದ ‘ಇದೆ’ ಎನ್ನುವುದರಿಂದ ಹೊರಟಿದೆ, ಇದು ‘ಇಲ್ಲ’ ಎನ್ನುವುದರಿಂದ. ‘ಅ’ ಮಾತ್ರ ನೆಟ್ಟಗಿದೆ. ಬೀದಿಯಲ್ಲಿ ಸೊಳ್ಳೆ ಇಲ್ಲ ಎನ್ನುವುದನ್ನು ನಂಬುವುದು ಕಷ್ಟ, ನಿಜ. ಆದರೆ ಪರೀಕ್ಷೆಯಲ್ಲಿ ಕೊಟ್ಟ ಮಾತನ್ನು ಕೊಟ್ಟ ಹಾಗೇ ಒಪ್ಪಿಕೊಂಡು, ಅದರಿಂದ ತೀರ್ಮಾನಕ್ಕೆ ಹಾರಿದ ಜಿಗಿತವನ್ನಷ್ಟೇ ನೋಡಬೇಕು. ಹಾಗೆಯೇ, ತೀರ್ಮಾನ ನಿಜವಾಗಿಬಿಟ್ಟರೆ ವಾದ ಸರಿಹೋಗುವುದಿಲ್ಲ. ಆ ರೋಗಿಗೆ ಡೆಂಗಿಯೇ ಆಗಿದೆ ಎಂದು ನಾಳೆ ಬೇರೆ ಪರೀಕ್ಷೆಯಿಂದ ತಿಳಿದರೂ ಇವತ್ತಿನ ತರ್ಕ ತಪ್ಪೇ.

ಅಮೆರಿಕದ ಕಾನೂನು ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನಲ್ಲಿ ಇಂಥ ಪ್ರಶ್ನೆಗಳು ಬಹುಕಾಲದಿಂದ ಇವೆ. 2024ರ ಆಗಸ್ಟ್‌ನಿಂದ ಅಲ್ಲಿ ಒಗಟಿನಂಥ ಭಾಗವನ್ನು ತೆಗೆದು ತರ್ಕದ ಅಂಕವಿರುವ ಭಾಗಗಳನ್ನು ಎರಡು ಮಾಡಿದ್ದಾರೆ. ಆದರೆ ಈ ಹುಡುಕಾಟ ತೀರಾ ಹಳೆಯದು. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎಂದು ತಿಳಿದವರು, ಒದ್ದೆ ನೆಲ ಕಂಡ ಕೂಡಲೇ ಮಳೆ ಬಂದಿದೆ ಎಂದುಕೊಳ್ಳುತ್ತಾರೆ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ನಮ್ಮ ನ್ಯಾಯದರ್ಶನದವರ ಉದಾಹರಣೆ ನನಗೆ ಇನ್ನೂ ಇಷ್ಟ. ಹೊಗೆ ಇದ್ದಲ್ಲಿ ಬೆಂಕಿ ಇದೆ, ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹಾಗಾಗಿ ಅಲ್ಲಿ ಬೆಂಕಿ ಇದೆ. ಇದು ಸರಿ. ಇದನ್ನೇ ತಿರುಗಿಸಿ, ಬೆಂಕಿ ಇದೆ, ಹಾಗಾಗಿ ಹೊಗೆ ಇದೆ ಎಂದರೆ? ಅದನ್ನು ಮುರಿಯಲು ಅವರು ಮುಂದಿಡುವುದು ಕಾದು ಕೆಂಪಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಬೇಕು ಎನ್ನುತ್ತಾರೆ. ಹೀಗೆ ಜಾರಿಕೊಳ್ಳುವ ಕಾರಣವನ್ನು ‘ಸವ್ಯಭಿಚಾರ’ ಎಂದು ಕರೆಯುತ್ತಾರೆ, ನ್ಯಾಯಸೂತ್ರದ ಐದು ಹೇತ್ವಾಭಾಸಗಳಲ್ಲಿ, ಅಂದರೆ ಸರಿಯಾದ ಕಾರಣದಂತೆ ಕಂಡು ಮೋಸಗೊಳಿಸುವವುಗಳಲ್ಲಿ, ಅದೇ ಮೊದಲನೆಯದು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದಾಗ ನಾವು ಹೇಳುವುದೂ ಇದನ್ನೇ.

ಅಭ್ಯಾಸಕ್ಕೆ ಕೂತಾಗ ಪ್ರತಿ ವಾದಕ್ಕೂ ಅದರ ಕಬ್ಬಿಣದ ಗುಂಡನ್ನು ಹುಡುಕಿ. ಪ್ಲೇಟ್‌ಲೆಟ್ ಇಳಿದೂ ಡೆಂಗಿ ಇಲ್ಲದವರು, ಗೇಟು ತೆರೆದೂ ತುಂಬದ ಅಣೆಕಟ್ಟೆ. ಎರಡು ವಾದಗಳು ಒಂದೇ ಬಗೆಯ ಗುಂಡಿಗೆ ಮುರಿದರೆ ಅವುಗಳ ತಪ್ಪು ಒಂದೇ. ‘ಎಲ್ಲ’, ‘ಕೆಲವು’, ‘ಬಹುಶಃ’ ಎಂಬ ಪದಗಳೂ ಎರಡೂ ಕಡೆ ತಾಳೆಯಾಗಬೇಕು. ಒಂದು ಕಡೆ ‘ಬಹುಶಃ ಡೆಂಗಿ’ ಎಂದಿದ್ದು ಇನ್ನೊಂದು ಕಡೆ ‘ಖಂಡಿತ’ ಎಂದಿದ್ದರೆ ಅನುಮಾನಪಡಿ.

‘ಇದು–ಅದು’ ಉಪಾಯ ಕೈಕೊಡುವ ಒಂದು ಜಾಗವಿದೆ. ಕೋಚಿಂಗ್‌ನಲ್ಲಿ ಇದನ್ನು ಸಾಕಷ್ಟು ಹೇಳುವುದಿಲ್ಲ ಎಂಬುದು ನನ್ನ ಕೊರಗು. ‘ಒಂದು ಅಗುಳು ಬೆಂದಿದೆ, ಹಾಗಾಗಿ ಪಾತ್ರೆಯ ಅನ್ನವೆಲ್ಲ ಬೆಂದಿದೆ.’ ‘ಒಬ್ಬ ಗುಮಾಸ್ತ ಲಂಚ ಕೇಳಿದ, ಹಾಗಾಗಿ ಆ ಕಚೇರಿಯವರೆಲ್ಲ ಲಂಚಕೋರರು.’ ಎರಡರ ಎಲುಬೂ ಒಂದೇ: ಒಂದು ಹೀಗಿದೆ, ಹಾಗಾಗಿ ಎಲ್ಲ ಹೀಗಿವೆ. ಆದರೂ ಅಡುಗೆಮನೆಯಲ್ಲಿ ಅಗುಳು ಹಿಚುಕಿ ನೋಡುವುದು ತಪ್ಪಲ್ಲ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಒಂದು ಬೆಂದಿದ್ದರೆ ಪಕ್ಕದ್ದೂ ಬೆಂದಿರಲು ಕಾರಣವಿದೆ. ಒಂದೇ ಕಚೇರಿಯಲ್ಲಿ ಕೂತ ಮಾತ್ರಕ್ಕೆ ಮನುಷ್ಯರು ಒಂದೇ ಉರಿಯಲ್ಲಿ ಬೆಂದವರಲ್ಲ. ಇಂಥ ಕಡೆ ಎಲುಬಿನ ಜೊತೆಗೆ, ಒಂದರಿಂದ ಎಲ್ಲಕ್ಕೆ ಹೋಗಲು ಅಲ್ಲಿ ದಾರಿ ಇದೆಯೇ ಎಂದೂ ಕೇಳಬೇಕು.

ಗುಮಾಸ್ತನ ವಾದಕ್ಕೆ ಜೋಡಿ ಕೇಳಿ, ಉತ್ತರಗಳಲ್ಲಿ ಅಗುಳಿನ ವಾದವನ್ನೂ, ‘ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು ನೋಡಿದೆ, ಚೆನ್ನಾಗಿದೆ, ಹಾಗಾಗಿ ಮೂಟೆಯೆಲ್ಲ ಒಳ್ಳೆಯ ಅಕ್ಕಿ’ ಎಂಬುದನ್ನೂ ಕೊಟ್ಟರೆ, ಮೂಟೆಯದನ್ನು ಆರಿಸಿ. ಎರಡರಲ್ಲೂ ಇರುವುದು ಅಕ್ಕಿಯೇ, ಆದರೆ ಮೂಟೆಯ ಬಾಯಿಗೆ ಒಳ್ಳೆಯದನ್ನು ಸುರಿದು ಕಟ್ಟಿರಬಹುದು. ಅದಕ್ಕೇ ಸಗಟಿನಲ್ಲಿ ಕೊಳ್ಳುವವರು ಚೂಪಾದ ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳು ತೆಗೆದು ನೋಡುತ್ತಾರೆ.