ಸಂದರ್ಶನದ ಕೋಣೆಯಿಂದ ಯಾರು ಎದ್ದು ಹೋಗಬೇಕು?

ಕುಮಟೆಯಲ್ಲೋ ಶಿರಸಿಯಲ್ಲೋ ಉಪನ್ಯಾಸಕರ ಹುದ್ದೆಗೆ ಸಂದರ್ಶನ ನಡೆದರೆ, ಅಭ್ಯರ್ಥಿ ಒಳಗೆ ಬರುವ ಮೊದಲೇ ಅರ್ಧ ಸಂಗತಿ ಗೊತ್ತಾಗಿರುತ್ತದೆ. ಹೆಗಡೆ, ನಾಯ್ಕ, ಹರಿಕಂತ್ರ, ಮುಕ್ರಿ ಎಂದು ಅಡ್ಡಹೆಸರೇ ಜಾತಿ ಹೇಳಿಬಿಡುತ್ತದೆ. ಉಳಿದದ್ದು "ಯಾವೂರಾಯ್ತು? ಯಾರ ಮನೆ?" ಎಂದು ಕೇಳಿದರೆ ಹೊರಬೀಳುತ್ತದೆ. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇ ಇರಬೇಕೆಂದಿಲ್ಲ, ನಮ್ಮಲ್ಲಿ ಮಾತು ಶುರುವಾಗುವುದೇ ಹಾಗೆ. ಆದರೆ ಅಂಕ ಹಾಕುವವರೂ ಅವರೇ.

ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೂ ಪಾಲು ಸಿಗಲೆಂದು ಮೈಸೂರು ಸಂಸ್ಥಾನ 1918ರಲ್ಲೇ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರಲ್ಲಿ ಮೈಸೂರಿಗೆ ಸೇರುವಷ್ಟರಲ್ಲಿ ಸಂವಿಧಾನದ 16ನೇ ವಿಧಿ ಜಾರಿಯಲ್ಲಿತ್ತು: ಧರ್ಮ, ಜಾತಿ, ಲಿಂಗ, ಹುಟ್ಟೂರುಗಳ ಕಾರಣಕ್ಕೆ ಸರ್ಕಾರಿ ಕೆಲಸದಲ್ಲಿ ಭೇದ ಮಾಡುವಂತಿಲ್ಲ.

ಆಯ್ಕೆ ಸಮಿತಿಯಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1969ರ ಕ್ರೈಪಾಕ್ ಪ್ರಕರಣದಲ್ಲಿ. ಜಮ್ಮು-ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಸದಸ್ಯ, ಸ್ವತಃ ಅಭ್ಯರ್ಥಿಯೂ ಹೌದು! ತಮ್ಮ ಹೆಸರು ಬಂದಾಗ ಸಭೆಯಿಂದ ದೂರ ಉಳಿದರು. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ದರು. ಸುಪ್ರೀಂ ಕೋರ್ಟ್ ಆಯ್ಕೆಯನ್ನೇ ರದ್ದುಮಾಡಿತು. ಪಕ್ಷಪಾತ ನಡೆದೇ ಇದೆ ಎಂದು ಸಾಬೀತುಪಡಿಸಬೇಕಿಲ್ಲ, ನಡೆಯುವ ಸಂಭವವಿದ್ದರೆ ಸಾಕು ಎಂಬುದು ಅದರ ನಿಲುವು. ದಟ್ಟ ನಂಟಿನ ನಮ್ಮಂಥ ಜಿಲ್ಲೆಗೆ ಇದಕ್ಕಿಂತ ಉಪಯುಕ್ತ ತೀರ್ಪು ಇನ್ನೊಂದಿಲ್ಲ ಅನ್ನಿಸುತ್ತದೆ.

1985ರಲ್ಲಿ ಹರಿಯಾಣದ ಅಶೋಕ್ ಕುಮಾರ್ ಯಾದವ್ ಪ್ರಕರಣ ಇದನ್ನು ಇನ್ನಷ್ಟು ಬಿಡಿಸಿಟ್ಟಿತು. ಸಾಮಾನ್ಯ ಆಯ್ಕೆ ಸಮಿತಿಯ ಸದಸ್ಯರ ಸಂಬಂಧಿ ಅಭ್ಯರ್ಥಿಯಾಗಿದ್ದರೆ ಆ ಸದಸ್ಯರು ಇಡೀ ಪ್ರಕ್ರಿಯೆಯಿಂದಲೇ ಹೊರಗಿರಬೇಕು. ಲೋಕಸೇವಾ ಆಯೋಗದ ಸದಸ್ಯರಾದರೆ ಆ ಸಂಬಂಧಿಯ ಸಂದರ್ಶನದಿಂದಲೂ ಅವರ ಅರ್ಹತೆಯ ಚರ್ಚೆಯಿಂದಲೂ ದೂರ ಉಳಿದರೆ ಸಾಕು. ಸಾಮಾನ್ಯ ಅಭ್ಯರ್ಥಿಗಳಿಗೆ ಸಂದರ್ಶನದ ಅಂಕ ಒಟ್ಟಿನ ಶೇ. 12.2 ಮೀರಬಾರದು ಎಂದೂ ಹೇಳಿತು. ಕೇಂದ್ರ ಸರ್ಕಾರವಂತೂ 2016ರಿಂದ ಗ್ರೂಪ್ 'ಸಿ', 'ಡಿ' ಹುದ್ದೆಗಳ ಸಂದರ್ಶನವನ್ನೇ ಕೈಬಿಟ್ಟಿತು.

ಅನುದಾನರಹಿತ ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳಿಗೆ 16ನೇ ವಿಧಿ ನೇರವಾಗಿ ತಟ್ಟುವುದಿಲ್ಲ. ಅಲ್ಲಿ ಎದ್ದು ಹೋಗುವುದು ಸದಸ್ಯರ ಮರ್ಜಿ. ಹೊರಜಿಲ್ಲೆಯ ವಿಷಯತಜ್ಞರೊಬ್ಬರನ್ನು ಕರೆಸಿ, ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಅಂಕ ಬರೆದು ಸಹಿ ಹಾಕುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ಖರ್ಚೆಂದರೆ ಹುಬ್ಬಳ್ಳಿಯಿಂದ ಬರುವವರ ಬಸ್ ಚಾರ್ಜು ಮತ್ತು ಊಟ.